ಗಾಲಿಯ ಹಿಂದಿನ ಕಟ್ಟಿಗೆ

ಇದನ್ನು ಹೇಳುವ ಹಕ್ಕು ನನಗಿದೆಯೋ ಇಲ್ಲವೋ ಗೊತ್ತಿಲ್ಲ. ಲಾರಿಯ ಗಾಲಿಯ ಬುಡಕ್ಕೆ ಕೈ ಕೊಟ್ಟವನಲ್ಲ ನಾನು. ಮೆಣಸಿನಕಾಯಿ ಚೀಲ ಹೊತ್ತು ಬೆನ್ನು ಸುಟ್ಟುಕೊಂಡವನೂ ಅಲ್ಲ. ತಿಳಿದವರು ಯಾರಾದರೂ ಬರೆದಾರು ಎಂದು ಕಾದೆ. ಬರೆದವರು ಬರೀ ಸುಳ್ಳು ಬರೆದರು. ಅದಕ್ಕೇ ಧೈರ್ಯ ಮಾಡಿದ್ದೇನೆ. ತಪ್ಪು ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ. ಆದರೆ ಪೂರ್ತಿ ಕೇಳಿ.

ಬ್ಯಾಡಗಿಯ ಸಾವುಕಾರ ವೀರೇಂದ್ರನ ಹಳೆಯ ಲಾರಿಯ ಬ್ರೇಕು ಹಿಡಿಯುತ್ತಿರಲಿಲ್ಲ. ಪೇಟೆಯಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಓಡುವಾಗ ಹೇಗೋ ನಡೆಯುತ್ತಿತ್ತು. ಏರಿನಲ್ಲಿ ನಿಲ್ಲಿಸಿ ಇಂಜಿನ್ ಬಂದ್ ಮಾಡಿದರೆ ಮುಗಿಯಿತು. ಪೈಪಿನಿಂದ ಹವಾ ಸೋರಿ, ಹಿಡಿದ ಬ್ರೇಕು ತಾನೇ ಸಡಿಲಾಗುತ್ತಿತ್ತು. ಹ್ಯಾಂಡ್‌ಬ್ರೇಕು ಹೆಸರಿಗಷ್ಟೇ ಇತ್ತು. ರಿಪೇರಿ ಮಾಡಿಸಬಹುದಿತ್ತು. ಸಾವುಕಾರ ಅದರ ಬದಲಿಗೆ ಒಬ್ಬ ಮನುಷ್ಯನನ್ನು ಇಟ್ಟುಕೊಂಡ.

ಆ ಮನುಷ್ಯ ಯಲ್ಲೇಶ. ಅಗಡಿಯ ಊರಾಚೆಯ ಓಣಿಯವನು. ಚೀಲ ಹೊರುವ ಹಮಾಲಿ. ಹಮಾಲಿಯ ಜೊತೆಗೆ ಅವನಿಗೆ ಇನ್ನೊಂದು ಕೆಲಸ. ಲಾರಿ ನಿಲ್ಲುವ ಮೊದಲೇ ಹಿಂದಿನಿಂದ ಜಿಗಿಯಬೇಕು. ಜಾಲಿಯ ದಪ್ಪ ಕಟ್ಟಿಗೆಯನ್ನು ಎದೆಗೆ ಅವಚಿಕೊಂಡು ಓಡಬೇಕು. ಡ್ರೈವರ್ ಕೂಗಿದ ಕೂಡಲೇ ಮೊಣಕಾಲೂರಿ ಅದನ್ನು ಹಿಂದಿನ ಗಾಲಿಯ ಬುಡಕ್ಕೆ ತುರುಕಬೇಕು. ಬೆರಳು ಹೊರಗೆ ಎಳೆದುಕೊಳ್ಳಬೇಕು. ಇದಕ್ಕೆ ಕಟ್ಟಿಗೆ ಕೊಡುವುದು ಅನ್ನುತ್ತಿದ್ದರು. ಅದನ್ನು ಯಾರೂ ಕೆಲಸವೆಂದು ಎಣಿಸುತ್ತಿರಲಿಲ್ಲ. ಹಮಾಲಿ ಅಂದ ಮೇಲೆ ಅದೂ ಇರುತ್ತದೆ, ಅಷ್ಟೇ.

ಯಲ್ಲೇಶನ ಎಡಗೈಯ ಕಿರುಬೆರಳು ಆ ಕೆಲಸಕ್ಕೇ ಹೋಗಿತ್ತು. ಅವನು ಅದನ್ನೇ ಹಿಡಿದು ಹೆಂಡತಿ ಮೈಲವ್ವನನ್ನು ಕಾಡಿಸುತ್ತಿದ್ದ.

"ಉಂಗುರದ ಬೆರಳು ಉಳದೈತಿ ನೋಡು. ದೇವರು ಶಾಣ್ಯಾ ಅದಾನ."

"ಉಂಗುರ ಎಲ್ಲೈತಿ?"

"ಬೆರಳು ಐತಲ್ಲ. ಉಂಗುರ ಬರತೈತಿ ತಗೋ."

ಕ್ಯಾಬಿನ್ನಿನಲ್ಲಿ ಜಾಗ ಖಾಲಿ ಇದ್ದರೂ ಯಲ್ಲೇಶ ಹಿಂದೆ ಚೀಲಗಳ ಮೇಲೆ ಕೂಡಬೇಕಿತ್ತು. ಕ್ಯಾಬಿನ್ನಿನಲ್ಲಿ ದೇವರ ಫೋಟೊ ಇತ್ತು. ದಿನಾ ಊದುಬತ್ತಿ ಹಚ್ಚುತ್ತಿದ್ದರು. "ಅವನ್ನ ಒಳಗ ಹತ್ತಿಸಬ್ಯಾಡ" ಎಂದು ಸಾವುಕಾರ ಡ್ರೈವರ್ ಅಸ್ಲಮ್‌ನಿಗೆ ಹೇಳಿದ್ದ. ಅಸ್ಲಮ್‌ ಬೇರೆ ಧರ್ಮದವನು. ಆದರೆ ಅವನ ಕೈಯಲ್ಲಿ ಸ್ಟೇರಿಂಗ್ ಇತ್ತು. ಅವನು ಒಳಗಿದ್ದರೆ ನಡೆಯುತ್ತಿತ್ತು. ಯಲ್ಲೇಶ ಇದ್ದರೆ ನಡೆಯುತ್ತಿರಲಿಲ್ಲ.

ಒಮ್ಮೆ ಹೆದ್ದಾರಿಯಲ್ಲಿ ಆ ಲಾರಿಯನ್ನು ತಡೆದರು. ತಡೆದವನು ಸಾರಿಗೆ ಇಲಾಖೆಯ ಇನ್‌ಸ್ಪೆಕ್ಟರ್ ಪ್ರೇಮಕುಮಾರ. ಕೆಳಗೆ ಬಗ್ಗಿ ನೋಡಿದ. ಪೈಪಿನ ಹತ್ತಿರ ಕಿವಿ ಇಟ್ಟ. "ಈ ಗಾಡಿ ಇಲ್ಲಿಂದ ಅಲುಗಾಡಂಗಿಲ್ಲ. ರಿಪೇರಿ ಮಾಡಿಸಿ ತೋರ್ಸಿದ ಮ್ಯಾಲ ಬಿಡೋದು" ಅಂದ. ಆಮೇಲೆ ಸಾವುಕಾರನ ಫೋನು ಬಂತು. ಗಾಡಿ ಅಲುಗಾಡಿತು. ರಾಣೆಬೆನ್ನೂರಿನ ಗ್ಯಾರೇಜಿನವರೆಗೆ ಅದೇ ಬ್ರೇಕಿನಲ್ಲಿ ಓಡಿತು.

ಸಾವುಕಾರನಿಗೆ ಅದೇ ಕಂಪನಿಯ ಇನ್ನೊಂದು ಹೊಸ ಲಾರಿ ಇತ್ತು. ಅದರ ಬ್ರೇಕಿನ ಡ್ರಮ್ಮು, ಲೈನರು, ಹವಾ ಪೈಪು ಬಿಚ್ಚಿ ಹಳೆಯ ಲಾರಿಗೆ ಹಾಕಿಸಿದ. ಪ್ರೇಮಕುಮಾರ ಬಂದು ಬ್ರೇಕು ಒತ್ತಿಸಿ ನೋಡಿದ. ಚಲೋ ಹಿಡಿಯಿತು. ಸಹಿ ಹಾಕಿದ. ಅವನ ಜೀಪು ತಿರುವು ದಾಟಿದ ಮೇಲೆ ಎಲ್ಲವನ್ನೂ ಮತ್ತೆ ಬಿಚ್ಚಿದರು. ಕಬ್ಬಿಣದ ಆ ಭಾರದ ಡ್ರಮ್ಮುಗಳನ್ನು ಎದೆಗೆ ಆನಿಸಿಕೊಂಡು ಹೊಸ ಲಾರಿಗೆ ಒಯ್ದವನು ಯಲ್ಲೇಶನೇ. ಅವತ್ತು ಮನೆಗೆ ಬಂದು ಎದೆಯ ಮೇಲಿನ ಗ್ರೀಸು ತಿಕ್ಕಿ ತಿಕ್ಕಿ ತೊಳೆದ. ಮೈಲವ್ವ ಸೀಗೆಪುಡಿ ಹಾಕಿ ಉಜ್ಜಿದಳು.

"ಚಲೋ ಬ್ರೇಕ್ ಹಾಕಿದ್ರಲ್ಲ, ಹಂಗ ಇರಲಿ ಅನಬೇಕಿಲ್ಲ?" ಎಂದು ಕೇಳಿದಳು.

"ಅಂದ್ರ ನನಗೇನ್ ಕೆಲಸ ಇರತೈತಿ?" ಎಂದು ಅವನು ನಕ್ಕ.

ಸ್ವಲ್ಪ ದಿನಕ್ಕೆ ಹಲಗೇರಿ ರಸ್ತೆಯ ಏರಿನಲ್ಲಿ ಲಾರಿ ಪಂಚರ್ ಆಯಿತು. ಗೋವಿನಜೋಳದ ಲೋಡು. ಒಂದು ಚೀಲ ಹರಿದು ಕಾಳು ರಸ್ತೆಗೆಲ್ಲ ಚೆಲ್ಲಿತ್ತು. ಯಲ್ಲೇಶ ಜಿಗಿದು ಕಟ್ಟಿಗೆ ಕೊಟ್ಟ. ಲಾರಿ ಭಾರ ಹಾಕಿತು. ಕಾಳಿನ ಮೇಲೆ ಕಟ್ಟಿಗೆ ಜಾರಿತು. ಬಿಟ್ಟು ಓಡಬಹುದಿತ್ತು. ಅವನು ಓಡಲಿಲ್ಲ. ಇನ್ನೊಮ್ಮೆ ತುರುಕಲು ಹೋದ. ಗಾಲಿ ಅವನ ಎದೆಯ ಮೇಲೆ ಹತ್ತಿ ನಿಂತಿತು.

ಪೊಲೀಸರಿಗಿಂತ ಮೊದಲು ಸಾವುಕಾರನ ಕಾರು ಬಂತು. ಪೊಲೀಸರು ಬಂದಾಗ ಹೆಣ ದಾರು ನಾರುತ್ತಿತ್ತು. ಕುಡಿದು ಲಾರಿಯ ಕೆಳಗೆ ಮಲಗಿದ್ದ, ಡ್ರೈವರ್‌ಗೆ ಕಾಣಲಿಲ್ಲ. ಹೀಗೆ ಬರೆದುಕೊಂಡರು. ಬ್ರೇಕಿನ ಮಾತೇ ಬರಲಿಲ್ಲ. ಪ್ರೇಮಕುಮಾರನ ಸಹಿ ಇತ್ತಲ್ಲ.

ಆಸ್ಪತ್ರೆಯಿಂದ ಬಂದ ಹೆಣಕ್ಕೆ ಮೈಲವ್ವ ನೀರು ಹಾಕಿದಳು. ಯಲ್ಲೇಶ ಮೈಲಾರಲಿಂಗನ ಭಕ್ತ. ಲಗ್ನಕ್ಕೂ ಮೊದಲು ದೇವರ ಮುಂದೆ ಆಣೆ ಮಾಡಿ ಕುಡಿತ ಬಿಟ್ಟವನು. ಅವನ ಮೀಸೆ ನಾರುತ್ತಿತ್ತು. ಕುತ್ತಿಗೆ ನಾರುತ್ತಿತ್ತು. ಅಂಗಿಯ ಕಾಲರು ನೆಂದು ಒಣಗಿ ಬಿರುಸಾಗಿತ್ತು. ಅವಳು ಬೆರಳು ಹಾಕಿ ಅವನ ಬಾಯಿ ತೆರೆದಳು. ಬಗ್ಗಿ ಮೂಸಿದಳು. ಬಾಯೊಳಗೆ ಎಲೆಅಡಿಕೆಯ ವಾಸನೆಯಷ್ಟೇ. ದವಡೆಯ ಸಂದಿನಲ್ಲಿ ಅರ್ಧ ಅಗಿದ ಅಡಿಕೆಯ ಚೂರು ಹಾಗೇ ಇತ್ತು. ಆ ಚೂರನ್ನು ಅವಳು ತೆಗೆಯಲಿಲ್ಲ. ಬಾಯಿ ಮುಚ್ಚಿದಳು. ನೆರೆದವರಿಗೆ ಹೇಳಿದಳು.

"ಸತ್ತ ಮ್ಯಾಲ ಸುರದಾರ."

ಹೆಂಗಸರು ಅವಳ ಹೆಗಲು ಹಿಡಿದರು. ಗಂಡಸರು ಕೆಳಗೆ ನೋಡಿದರು. ನಾಳೆ ಅವರೆಲ್ಲ ಅದೇ ಪೇಟೆಗೆ ಹೋಗಬೇಕಿತ್ತು.

ಮೈಲವ್ವ ಠಾಣೆಗೆ ಹೋದಳು. "ಕುಡಿಯೋ ಗಂಡಸರ ಹೆಂಡಂದ್ರೆಲ್ಲ ಹಿಂಗ ಅಂತಾರ" ಎಂದು ಅಲ್ಲಿದ್ದವನು ನಕ್ಕ. ಪ್ರೇಮಕುಮಾರನ ಕಚೇರಿಗೆ ಹೋದಳು. ಹೊರಗಿನ ಕಟ್ಟೆಯ ಮೇಲೆ ಕೂಡಿಸಿದರು. ಕೂತಳು. ಸಂಜೆ ಕಚೇರಿಗೆ ಬೀಗ ಹಾಕಿದರು. ಅವಳಿಗೆ ಬೇಕಿದ್ದದ್ದು ಒಂದೇ. ಅವನು ಕುಡಿದಿರಲಿಲ್ಲ ಎಂದು ಬರೆಯಬೇಕು. ಬೇರೇನೂ ಬೇಡ. ಅದನ್ನೂ ಯಾರೂ ಕೊಡಲಿಲ್ಲ.

ಬ್ಯಾಡಗಿ ಪೇಟೆಯಲ್ಲಿ ಅವಳು ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸ ಮಾಡುತ್ತಿದ್ದಳು. ಪಕ್ಕದಲ್ಲಿ ಕೂತು ತೊಟ್ಟು ಮುರಿಯುವ ಸೈದಾಬಿ ಅವಳ ಗೆಳತಿ. ಒಂದು ದಿನ ಮೈಲವ್ವ ರಾಶಿಯ ಮುಂದಿನಿಂದ ಎದ್ದಳು. ಸೆರಗು ಝಾಡಿಸಿದಳು.

"ಎಲ್ಲಿ ಹೊಂಟಿ?" ಎಂದಳು ಸೈದಾಬಿ.

"ಸಾವ್ಕಾರನ ಹಂತ್ಯಾಕ. ಯಲ್ಲೇಶನ ಕೆಲಸ ಕೇಳಾಕ."

"ಹುಚ್ಚಿ! ಗಂಡನ್ನ ನುಂಗಿದ ಗಾಲಿಗೆ ನೀನೂ ಹೋಗಿ ತಲಿ ಕೊಡ್ತೀಯೇನ?"

"ಕೊಡಾಕ ಹೊಂಟಿಲ್ಲ ಸೈದಾ. ತಗೊಳ್ಳಾಕ ಹೊಂಟೇನಿ."

ಯಲ್ಲೇಶ ಸತ್ತ ಮೇಲೆ ಆ ಲಾರಿಗೆ ಕಟ್ಟಿಗೆ ಕೊಡಲು ಯಾವ ಹಮಾಲಿಯೂ ಒಪ್ಪಿರಲಿಲ್ಲ. ಸಾವುಕಾರ ಗಾದಿಯ ಮೇಲೆ ಕೂತು ಚಾ ಕುಡಿಯುತ್ತಿದ್ದ. ಮೈಲವ್ವ ಮೆಟ್ಟಿಲ ಕೆಳಗೆ ನಿಂತು ಕೇಳಿದಳು. ಅವನು ಕಪ್ಪು ಕೆಳಗಿಟ್ಟು ಸುತ್ತಲಿದ್ದವರನ್ನು ನೋಡಿದ.

"ನೋಡ್ರಿ, ಇದಕ್ಕಂತಾರ ನಿಯತ್ತು. ಗಂಡ ನಮ್ಮ ಅನ್ನ ತಿಂದಿದ್ದ, ಅದನ್ನ ಮರೆತಿಲ್ಲ. ಇವಳಿಗೂ ಒಂದ್ ಚಾ ಕೊಡ್ಸೋ."

ಚಾ ಬಂತು. ಪ್ಲಾಸ್ಟಿಕ್ ಕಪ್ಪಿನಲ್ಲಿ ಬಂತು. ಉಳಿದವರದು ಪಿಂಗಾಣಿ ಕಪ್ಪು. ಮೈಲವ್ವ ಕುಡಿದಳು. ಕಪ್ಪನ್ನು ಹಿಂಡಿ ಮುದ್ದೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಅವಳು ಲಾರಿ ಹತ್ತಿದಳು. ಮೆಣಸಿನಕಾಯಿ ಚೀಲಗಳ ಮೇಲೆ ಕೂತಳು. ಘಾಟು ಕಣ್ಣಿಗೆ ಹೊಡೆಯುತ್ತಿತ್ತು. ಬೆವರಿದಲ್ಲೆಲ್ಲ ಚರ್ಮ ಉರಿಯುತ್ತಿತ್ತು. ಲಾರಿ ನಿಧಾನವಾದಾಗ ಜಿಗಿಯುವುದು, ಓಡುವುದು, ಮೊಣಕಾಲೂರುವುದು. ಮೊದಮೊದಲು ಮೊಣಕಾಲು ಸುಲಿದು ಸೀರೆಗೆ ಅಂಟಿತು. ಆಮೇಲೆ ಅಲ್ಲಿ ಚರ್ಮ ದಡ್ಡುಗಟ್ಟಿತು. ಜಾಲಿಕಟ್ಟಿಗೆ ಯಲ್ಲೇಶನದೇ. ಅವನ ಕೈ ಹಿಡಿದು ಹಿಡಿದು ಒಂದು ಮಗ್ಗುಲು ನುಣುಪಾಗಿತ್ತು. ಅವಳೂ ಅಲ್ಲೇ ಹಿಡಿದಳು.

ಹವಾ ಸೋರುವ ಸದ್ದಿಗೆ ಅವಳ ಕಿವಿ ಪಳಗಿತು. ಇಂಜಿನ್ ನಿಂತ ಮೇಲೆ ಮೊದಲು ಸುಯ್ ಎಂದು ಜೋರಾಗಿ ಬರುತ್ತಿತ್ತು. ಆಮೇಲೆ ಸಣ್ಣಗಾಗುತ್ತಿತ್ತು. ಪೂರ್ತಿ ಸಣ್ಣಗಾದಾಗ ಲಾರಿ ಮೈ ಬಿಟ್ಟು ಹಿಂದಕ್ಕೆ ಉರುಳುತ್ತಿತ್ತು.

ಒಂದು ಸಲ ಗಾಡಿ ತೊಳೆಯುವಾಗ ಅಸ್ಲಮ್‌ನನ್ನು ಕೇಳಿದಳು.

"ಅಣ್ಣಾ, ಅವತ್ತು ಅವನ ಮೈಮ್ಯಾಲ ದಾರು ಯಾರು ಸುರದ್ರು?"

"ನಾ ಅಲ್ಲಿದ್ದಿಲ್ಲ ತಂಗಿ. ಮಂದಿ ಹೊಡೀತಾರಂತ ಹೊಲದಾಗ ಹೊಕ್ಕಿದ್ನಿ."

"ಖರೇ?"

ಅವನು ಕನ್ನಡಿ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

ಮೈಲವ್ವ ಕಾದಳು. ತಪಾಸಣೆ ಇದ್ದ ದಿನ ಡ್ರೈವರ್‌ಗಳಿಗೆ ಮೊದಲೇ ಸುದ್ದಿ ಬರುತ್ತಿತ್ತು. ಲಾರಿ ಅವತ್ತು ಹೊರಗೆ ಬೀಳುತ್ತಿರಲಿಲ್ಲ. ಆದರೆ ಒಂದು ಮಧ್ಯಾಹ್ನ ಸುದ್ದಿ ಬರಲಿಲ್ಲ. ಮೋಟೆಬೆನ್ನೂರಿನ ಹತ್ತಿರ, ಮೇಲ್ಸೇತುವೆಗೆ ಹತ್ತುವ ಏರಿನಲ್ಲೇ ಜೀಪು ನಿಂತಿತ್ತು. ಬೇರೆ ಲಾರಿಗಳನ್ನು ಆಗಲೇ ಪಕ್ಕಕ್ಕೆ ನಿಲ್ಲಿಸಿದ್ದರು. ಡ್ರೈವರ್‌ಗಳು ಗುಂಪಾಗಿ ಬೀಡಿ ಸೇದುತ್ತಿದ್ದರು. ಪ್ರೇಮಕುಮಾರ ಕೈ ಅಡ್ಡ ಮಾಡಿದ. ಲಾರಿ ಏರಿನ ನಡುವೆ ನಿಂತಿತು. ಮೈಲವ್ವ ಜಿಗಿದು ಕಟ್ಟಿಗೆ ಕೊಟ್ಟಳು.

ಪ್ರೇಮಕುಮಾರ ನಂಬರು ನೋಡಿದ ಕೂಡಲೇ ಅವನ ಮುಖ ಬದಲಾಯಿತು. ಈ ಸಲ ಮೇಲಿನವರ ಹುಕುಂ ಇತ್ತು. ಜೊತೆಗಿದ್ದ ಸಿಬ್ಬಂದಿ ಎಲ್ಲವನ್ನೂ ವೀಡಿಯೊ ಮಾಡುತ್ತಿದ್ದ. ಅಸ್ಲಮ್ ಸಾವುಕಾರನಿಗೆ ಫೋನು ಹಚ್ಚಿದ. ಬ್ಯಾಡಗಿ ದೂರವೇನಲ್ಲ. ಸಾವುಕಾರನ ಬಿಳಿ ಕಾರು ಬಂತು. ಅವನು ಇಳಿದು, ಬಿಳಿ ಅಂಗಿಯ ತೋಳು ಸರಿಮಾಡಿಕೊಂಡ.

"ಏನ್ ಸರ್, ನೀವ ಪಾಸ್ ಮಾಡಿದ ಗಾಡಿ ಇದು. ಬ್ರೇಕ್ ಬರೋಬ್ಬರಿ ಅದಾವ."

"ಹೌದೌದು. ಆದ್ರೂ ಒಮ್ಮೆ ತೋರಿಸಿಬಿಡ್ರಿ. ವೀಡಿಯೊ ಐತಿ" ಎಂದ ಪ್ರೇಮಕುಮಾರ. ಅವನ ಕಣ್ಣು ಗಾಲಿಯ ಹಿಂದೆ ಕೂತ ಮೈಲವ್ವನ ಮೇಲೆ ಬಿತ್ತು. "ಏ, ಅದೇನು ಕಟ್ಟಿಗಿ? ನೀ ಯಾರು?"

ಮೈಲವ್ವ ಎದ್ದು ನಿಂತಳು.

"ಬ್ರೇಕ್ ರೀ ಸಾಹೇಬ್ರ."

"ಏನು?"

"ಈ ಲಾರಿಗೆ ಬ್ರೇಕ್ ಅಂದ್ರ ನಾನ ರೀ. ಮೊದಲ ನನ್ನ ಗಂಡ ಇದ್ದ. ಅವನು ಸವದು ಹೋದ. ಈಗ ನನ್ನ ಹಾಕ್ಯಾರ."

ಡ್ರೈವರ್‌ಗಳು ಘೊಳ್ಳೆಂದು ನಕ್ಕರು. ಅವರಲ್ಲಿ ನಯಾಜ ಎಂಬ ಹರೆಯದ ಡ್ರೈವರ್ ಬೀಡಿ ಬಿಸಾಕಿ ಮುಂದೆ ಬಂದ. ಸಾವುಕಾರನ ಕುತ್ತಿಗೆ ಕೆಂಪೇರಿತು.

"ಇದರ ತಲಿ ಕೆಟ್ಟೈತ್ರಿ ಸರ್. ಗಂಡ ಕುಡದು ಸತ್ತ. ಪಾಪ ಅಂತ ಕೆಲಸ ಕೊಟ್ಟೇನಿ. ಏ, ತಗಿ ಆ ಕಟ್ಟಿಗಿ. ನನ್ನ ಗಾಡಿಗೆ ಕಟ್ಟಿಗಿ ಬೇಕಾಗಿಲ್ಲ."

"ತಗೀಲಿ ರೀ?"

"ತಗಿ ಅಂದ್ನಲ್ಲ!"

"ಡ್ರೈವರ್, ಬ್ರೇಕ್ ಒತ್ತಿ ಹಿಡಿ. ನ್ಯೂಟ್ರಲ್ ಮಾಡು. ಇಂಜಿನ್ ಬಂದ್" ಎಂದ ಪ್ರೇಮಕುಮಾರ.

ಕ್ಯಾಬಿನ್ನಿನಿಂದ ಅಸ್ಲಮ್ ಮೈಲವ್ವನನ್ನು ಕನ್ನಡಿಯಲ್ಲಿ ನೋಡಿದ. ಇಂಜಿನ್ ನಿಂತಿತು. ಮೈಲವ್ವ ಕಟ್ಟಿಗೆ ಎಳೆದುಕೊಂಡು ಎದೆಗೆ ಅವಚಿದಳು. ಲಾರಿ ಅಲುಗಾಡಲಿಲ್ಲ. ಸುಯ್ ಎಂಬ ಸದ್ದು ಜೋರಾಗಿತ್ತು. ಅದರ ಅರ್ಥ ಗೊತ್ತಿದ್ದವರು ಸುಮ್ಮನಿದ್ದರು.

"ನಿಂತೈತಲ್ಲ!" ಎಂದ ಸಾವುಕಾರ.

"ನಿಂತೈತ್ರಿ" ಎಂದಳು ಮೈಲವ್ವ. "ಹಂಗಾದ್ರ ಇಲ್ಲಿ ಬರ್ರಿ ಸಾವ್ಕಾರ್ರ. ಗಾಲಿ ಹಿಂದ ಕುಂದರ್ರಿ. ಯಲ್ಲೇಶ ಕುಂತ ಜಾಗಾದಾಗ."

ಯಾರೂ ನಗಲಿಲ್ಲ.

"ನಾಲಿಗಿ ಬಿಗಿ ಹಿಡಿ, ಏ..." ಎಂದು ಸಾವುಕಾರ ಅವಳ ಜಾತಿ ಹಿಡಿದು ಬೈದ. ಆ ಮಾತನ್ನು ನಾನಿಲ್ಲಿ ಬರೆಯುವುದಿಲ್ಲ. ವೀಡಿಯೊದಲ್ಲಿ ಇದೆ.

ಮೈಲವ್ವ ಕದಲಲಿಲ್ಲ. "ಬ್ರೇಕ್ ಬರೋಬ್ಬರಿ ಇದ್ರ ಅಂಜಿಕಿ ಯಾಕ್ರಿ? ಒಬ್ಬ ಹಮಾಲಿ ದಿನಾ ಕುಂತ ಜಾಗಾ. ಕುಡದವನ ಜಾಗಾ. ನೀವು ಕುಡಿದಿಲ್ಲಲ್ಲ."

"ಕುಂದರ್ರಿ ಸಾವ್ಕಾರ, ಒಂದ್ ಫೋಟೊ ಹೊಡೀತೀನಿ!" ಎಂದು ನಯಾಜ ಫೋನು ಎತ್ತಿದ. ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು. "ಅಂಜ್ಯಾರ, ಅಂಜ್ಯಾರ" ಎಂದು ಇನ್ನೊಬ್ಬ ರಾಗ ಎಳೆದ. ತನ್ನ ಚೀಲ ಹೊರುವ ಮಂದಿಯ ಎದುರು ಸಾವುಕಾರ ಎಂದೂ ಹಿಂದೆ ಸರಿದವನಲ್ಲ. ಅದೇ ಅವನಿಗೆ ಮುಳುವಾಯಿತು. ದಪದಪ ಹೆಜ್ಜೆ ಹಾಕಿ ಬಂದು ಹಿಂದಿನ ಗಾಲಿಯ ಹಿಂದೆ ನಿಂತ. ಕೂಡಲಿಲ್ಲ. ಲಾರಿಯ ಹಲಗೆಗೆ ಬೆನ್ನು ಆನಿಸಿ, ಕೈ ಕಟ್ಟಿದ.

"ನೋಡ್ರಿ! ನಿಂತೇನಿ! ಎಲ್ಲಾರೂ ಹೊಡ್ಕೋರಿ ಫೋಟೊ!"

ಪ್ರೇಮಕುಮಾರನಿಗೆ ಹಾಯೆನಿಸಿತು. "ಆತು ಆತು, ಬರ್ರಿ ಈಚೆ" ಅಂದ. ಸಾವುಕಾರ ಬರಲಿಲ್ಲ. ಗೆದ್ದವನಂತೆ ನಗುತ್ತಾ ನಿಂತ. ಮೈಲವ್ವ ಅವನ ಪಕ್ಕದಲ್ಲಿ ಕಟ್ಟಿಗೆ ಹಿಡಿದು ನಿಂತಿದ್ದಳು. ಅವಳ ಕಿವಿ ಪೈಪಿನ ಕಡೆಗಿತ್ತು. ಸದ್ದು ಸಣ್ಣಗಾಯಿತು. ಇನ್ನೂ ಸಣ್ಣಗಾಯಿತು.

ಅಸ್ಲಮ್ ಕೂಗಿದ. "ತಂಗೀ! ಹಾಕ್!"

ಮೈಲವ್ವ ಹಾಕಲಿಲ್ಲ.

ಲಾರಿ ಮೈ ಬಿಟ್ಟಿತು. ಮೊದಲು ಅಂಗೈಯಗಲದಷ್ಟು. ಸಾವುಕಾರನ ಬೆನ್ನಿಗೆ ಹಲಗೆ ಒತ್ತಿತು. ಅವನು ತಿರುಗಿ ಎರಡೂ ಕೈಯಿಂದ ಅದನ್ನು ತಡೆಯಲು ಹೋದ. ಲೋಡಿನ ಲಾರಿಯನ್ನು ಅಂಗೈಯಿಂದ! ಚಪ್ಪಲಿ ಜಾರಿ ಕಾಲು ಗಾಲಿಯ ಕಡೆಗೆ ಹೋಯಿತು. ಅಂಗಾತ ಬಿದ್ದ.

"ಹಾಕಲೇ! ಹಾಕ ನಮ್ಮವ್ವಾ! ನಿನ್ನ ಕಾಲ್ ಬೀಳ್ತೀನಿ, ಹಾಕ!"

ಅವಳು ಅವನ ಮುಖ ನೋಡಿದಳು. ಅವನ ಬಾಯಿ ತೆರೆದಿತ್ತು. ಗಾಲಿ ಅವನ ಪಾದದ ಮೇಲೆ ಹತ್ತಿತು. ಆಗ ಮೈಲವ್ವ ಮೊಣಕಾಲೂರಿದಳು. ಕಟ್ಟಿಗೆ ಕೊಟ್ಟಳು. ಬೆರಳು ಎಳೆದುಕೊಂಡಳು. ಲಾರಿ ನಿಂತಿತು.

ಲಾರಿ ಮುಂದೆ ಸರಿಸಿ ಅವನನ್ನು ಎಳೆದು ಹಾಕಿದರು. ಪಾದ ಚಪ್ಪಲಿಯೊಳಗೆ ಚಪ್ಪಟೆಯಾಗಿತ್ತು. ಅವನು ಮಗುವಿನಂತೆ ಅರಚುತ್ತಿದ್ದ. ಪ್ರೇಮಕುಮಾರ ಜೀಪಿನ ಬಾನೆಟ್ಟಿನ ಮೇಲೆ ಹಾಳೆ ಇಟ್ಟುಕೊಂಡು ನಿಂತಿದ್ದ. ಏನು ಬರೆಯಬೇಕೋ ತಿಳಿಯದೆ ನಿಂತಿದ್ದ. ಬ್ರೇಕು ಕೆಟ್ಟಿತ್ತು ಎಂದು ಬರೆದರೆ ಅವನ ಹಳೆಯ ಸಹಿ ಅವನ ಕುತ್ತಿಗೆಗೇ ಬರುತ್ತಿತ್ತು.

ಮೈಲವ್ವ ಅವನ ಮುಂದೆ ಹೋಗಿ ನಿಂತಳು. ಸೀರೆಯ ಮೊಣಕಾಲಿಗೆ ಧೂಳು ಹತ್ತಿತ್ತು.

"ಬರೀರಿ ಸಾಹೇಬ್ರ. ಯಾಕ ನಿಂತೀರಿ? ಕುಡದು ಲಾರಿ ಹಿಂದ ನಿಂತಿದ್ದ ಅಂತ ಬರೀರಿ. ನಿಮಗ ಬರೆಯಾಕ ಬರತೈತಲ್ಲ."

"ಏ, ಸುಮ್ನಿರು. ಅವರು ಕುಡಿದಿಲ್ಲ."

"ಹೌದ್ರಿ. ಕುಡಿದಿಲ್ಲ." ಅವಳ ದನಿ ಮೊದಲ ಸಲ ಏರಿತು. "ಇವರ ಬಾಯಿ ಮೂಸೋ ಮೊದಲ ನಿಮಗ ಗೊತ್ತಾತು. ನನ್ನ ಗಂಡನ ಬಾಯಿ ಯಾರು ಮೂಸಿದ್ರಿ? ಹೇಳ್ರಿ. ಯಾರು ಮೂಸಿದ್ರಿ?"

ಪ್ರೇಮಕುಮಾರ ವೀಡಿಯೊ ಮಾಡುತ್ತಿದ್ದವನಿಗೆ ಬಂದ್ ಮಾಡಲು ಸನ್ನೆ ಮಾಡಿದ. ಅವನು ಬಂದ್ ಮಾಡಿದ. ನಯಾಜ ಮಾಡಲಿಲ್ಲ. ಉಳಿದ ಡ್ರೈವರ್‌ಗಳೂ ಮಾಡಲಿಲ್ಲ.

ಠಾಣೆಯಲ್ಲಿ ಅವಳನ್ನು ಬಹಳ ಹೊತ್ತು ಕೂಡಿಸಿದರು. ಡ್ರೈವರ್ ಕೂಗಿದಾಗ ಕಟ್ಟಿಗೆ ಯಾಕೆ ಕೊಡಲಿಲ್ಲ ಎಂದು ಕೇಳಿದರು.

"ತಗಿ ಅಂದವರು ಸಾವ್ಕಾರ್ರ ರೀ. ಬ್ಯಾಡ ಅಂದ ಮ್ಯಾಲ ನಾ ಹೆಂಗ ಕೊಡ್ಲಿ?"

"ಆಮ್ಯಾಲ ಕೊಟ್ಟಿಯಲ್ಲ?"

"ಹಾಕ ನಮ್ಮವ್ವಾ ಅಂದ್ರು. ಕೊಟ್ನಿ."

ವೀಡಿಯೊದಲ್ಲಿ ಎರಡು ಮಾತೂ ಇದ್ದವು. ಅವಳನ್ನು ಬಿಟ್ಟರು. ಲಾರಿಯನ್ನು ಹಾವೇರಿಗೆ ಒಯ್ದು ನಿಲ್ಲಿಸಿದರು. ಅದು ಅಲ್ಲೇ ಇದೆ. ಟೈರಿನ ಹವಾ ಇಳಿದಿದೆ. ಇನ್ನು ಅದಕ್ಕೆ ಯಾರೂ ಕಟ್ಟಿಗೆ ಕೊಡಬೇಕಿಲ್ಲ. ಸಾವುಕಾರ ಕೋಲು ಹಿಡಿದು ನಡೆಯುತ್ತಾನೆ. ಪ್ರೇಮಕುಮಾರನಿಗೆ ಬೇರೆ ಜಿಲ್ಲೆಗೆ ವರ್ಗವಾಯಿತು. ಬ್ಯಾಡಗಿ ಪೇಟೆಯಲ್ಲಿ ಮೈಲವ್ವನಿಗೆ ಯಾರೂ ಕೆಲಸ ಕೊಡುವುದಿಲ್ಲ. ಅವಳು ರಾಣೆಬೆನ್ನೂರಿನಲ್ಲಿ ಗೋವಿನಜೋಳದ ಚೀಲ ಹೊಲಿಯುತ್ತಾಳೆ. ಸಾವುಕಾರ ಹೇಗೆ ನಡೆಯುತ್ತಾನೆ ಎಂದು ಸೈದಾಬಿ ಕುಂಟಿ ತೋರಿಸಿದರೆ ಅವಳು ನಗುತ್ತಾಳೆ. ಇನ್ನೊಮ್ಮೆ ತೋರಿಸು ಅನ್ನುತ್ತಾಳೆ. ನನಗೆ ಆ ನಗು ತಪ್ಪೆನಿಸಲಿಲ್ಲ.

ಯಲ್ಲೇಶ ಕುಡಿದಿದ್ದ ಎಂದು ಬರೆದದ್ದು ಇವತ್ತಿಗೂ ಹಾಗೇ ಇದೆ. ಅದನ್ನು ಯಾರೂ ಹೊಡೆದು ಹಾಕಿಲ್ಲ.

ಇನ್ನೊಂದು ಮಾತು ಒಪ್ಪಿಕೊಳ್ಳಬೇಕು. ಸತ್ತವನ ಮೈಮೇಲೆ ದಾರು ಸುರಿದ ಕೈ ಯಾರದು ಎಂಬುದು ನನಗೆ ಗೊತ್ತಾಗಲಿಲ್ಲ. ಸಾವುಕಾರನದೇ ಇರಬಹುದು. ಅವನು ಹೇಳಿದನೆಂದು ಬೇರೆ ಯಾರೋ ಸುರಿದಿರಬಹುದು. ಅಸ್ಲಮ್ ಊರು ಬಿಟ್ಟು ಹೋಗಿದ್ದಾನೆ. ಹೋಗುವ ಮೊದಲು ಅಗಡಿಗೆ ಬಂದು ಮೈಲವ್ವನ ಬಾಗಿಲಲ್ಲಿ ನಿಂತಿದ್ದನಂತೆ. ಅವಳು ಬಾ ಅಂದಳಂತೆ. ಅವನು ಒಳಗೆ ಬರದೆ ಹಾಗೇ ಹೊರಟುಹೋದನಂತೆ. ಯಾಕೆ ಬಂದಿದ್ದನೋ ಅವಳಿಗೂ ತಿಳಿಯದು.